ಹಳೆಯ ಫೈಲು, ಹೊಸ ನೋಟಿಸು: ಸಣ್ಣ ವಕೀಲ ಕಚೇರಿಗಳಲ್ಲಿ ದಾಖಲೆ ತಯಾರಿಕೆ

2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 2012ರ ಚೆಕ್ಕೊಂದರ ಪ್ರಕರಣವನ್ನು ಇತ್ಯರ್ಥಪಡಿಸಿತು. ಚೆಕ್ಕಿನ ಮೊತ್ತ ಒಂದು ಕೋಟಿ ರೂಪಾಯಿ. ಚೆಕ್ಕು ಕೊಟ್ಟವರಿಗೆ ಹೋದ ನೋಟಿಸಿನಲ್ಲಿ ಕೇಳಿದ್ದು ಎರಡು ಕೋಟಿ. ಅದು ಬೆರಳಚ್ಚಿನ ತಪ್ಪು ಎಂದು ದೂರುದಾರರ ಪರವಾಗಿ ವಾದ ಮಂಡನೆಯಾಯಿತು. ನ್ಯಾಯಾಲಯ ಒಪ್ಪಲಿಲ್ಲ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ನೋಟಿಸು ಚೆಕ್ಕಿನಲ್ಲಿರುವ ಮೊತ್ತವನ್ನೇ ಕೇಳಬೇಕು, ಬೇರೆ ಮೊತ್ತ ಕೇಳಿದ ನೋಟಿಸು ಸಿಂಧುವಾಗದು, ಟೈಪಿಂಗ್ ತಪ್ಪೆಂಬ ಸಮಜಾಯಿಷಿ ಅದನ್ನು ಉಳಿಸದು ಎಂದಿತು. ವರ್ಷಗಟ್ಟಲೆ ನಡೆದ ವ್ಯಾಜ್ಯ ಒಂದು ಅಂಕಿಯಲ್ಲಿ ಮುಗಿದುಹೋಯಿತು.

ಆ ಅಂಕಿ ಹೇಗೆ ತಪ್ಪಿತೆಂಬುದು ಆ ಪ್ರಕರಣದ ವಿಷಯ. ಆದರೆ ಇಂಥ ತಪ್ಪುಗಳು ಸಾಮಾನ್ಯವಾಗಿ ಹೇಗೆ ಹುಟ್ಟುತ್ತವೆ, ಅವನ್ನು ತಡೆಯಲು ಒಬ್ಬಿಬ್ಬರೇ ವಕೀಲರಿರುವ ಕಚೇರಿಗೆ ಯಾವ ದಾರಿಗಳಿವೆ ಎಂಬುದು ತಾಲ್ಲೂಕು ನ್ಯಾಯಾಲಯದಿಂದ ಹೈಕೋರ್ಟಿನವರೆಗೆ ಎಲ್ಲರಿಗೂ ಸಂಬಂಧಿಸಿದ್ದು. ಈ ಉಪನ್ಯಾಸದ ವಿಷಯ ಅದೇ.

‘ಸೇವ್ ಆ್ಯಸ್’ ಪದ್ಧತಿ

ಸಣ್ಣ ಕಚೇರಿಯ ಚಿತ್ರ ಎಲ್ಲರಿಗೂ ಗೊತ್ತಿರುವುದೇ. ಒಬ್ಬರು ಹಿರಿಯ ವಕೀಲರು, ಒಬ್ಬರೋ ಇಬ್ಬರೋ ಜೂನಿಯರ್‌ಗಳು, ವರ್ಷಗಳಿಂದ ಇರುವ ಗುಮಾಸ್ತರು, ಟೈಪ್ ಮಾಡಲು ಒಂದು ಕಂಪ್ಯೂಟರ್. ಬೆಳಗ್ಗೆ ಹನ್ನೊಂದಕ್ಕೆ ಕೋರ್ಟು. ಕಕ್ಷಿದಾರರು ಬರುವುದು ಸಂಜೆಗೆ. ದಾವಾಪತ್ರ, ಅಫಿಡವಿಟ್, ನೋಟಿಸು, ಮಧ್ಯಂತರ ಅರ್ಜಿ ಎಲ್ಲವೂ ತಯಾರಾಗುವುದು ಈ ಎರಡರ ನಡುವಿನ ಸಮಯದಲ್ಲಿ.

ತಯಾರಾಗುವ ಕ್ರಮವೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಹೊಸ ಕೇಸಿಗೆ ಹತ್ತಿರವಾದ ಹಳೆಯ ಕೇಸಿನ ಕಡತವನ್ನು ಕಂಪ್ಯೂಟರಿನಲ್ಲಿ ತೆರೆದು, ‘ಸೇವ್ ಆ್ಯಸ್’ ಒತ್ತಿ, ಹೆಸರು, ವಯಸ್ಸು, ವಿಳಾಸ, ಮೊತ್ತ, ದಿನಾಂಕಗಳನ್ನು ಒಂದೊಂದಾಗಿ ತಿದ್ದುತ್ತ ಹೋಗುವುದು. ಹತ್ತರಲ್ಲಿ ಒಂಬತ್ತು ಕಡೆ ತಿದ್ದುಪಡಿ ಸರಿಯಾಗಿರುತ್ತದೆ. ಹತ್ತನೆಯದು ಆರನೇ ಪ್ಯಾರಾದಲ್ಲಿ ಉಳಿದಿರುತ್ತದೆ. ಹಿಂದಿನ ಕಕ್ಷಿದಾರರ ತಂದೆಯ ಹೆಸರು, ಹಿಂದಿನ ಆಸ್ತಿಯ ಸರ್ವೆ ನಂಬರು, ಹಿಂದಿನ ಬ್ಯಾಂಕಿನ ಶಾಖೆ ಹೊಸ ದಾಖಲೆಯೊಳಗೆ ಹಾಗೇ ಕೂತಿರುತ್ತವೆ. ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಅದನ್ನೇ ಹಿಡಿಯುತ್ತಾರೆ.

ಇದಕ್ಕೆ ಟೈಪ್ ಮಾಡುವವರ ಅಜಾಗರೂಕತೆಯನ್ನು ಹೊಣೆ ಮಾಡಿ ಸುಮ್ಮನಾಗುವುದು ಸುಲಭ, ಆದರೆ ಅದು ಅನ್ಯಾಯ. ತಪ್ಪು ಪದ್ಧತಿಯಲ್ಲೇ ಇದೆ. ಹಳೆಯ ಫೈಲಿನಲ್ಲಿ ಯಾವ ಮಾತು ಎಲ್ಲ ಕೇಸಿಗೂ ಹೊಂದುತ್ತದೆ, ಯಾವುದು ಆ ಒಂದು ಕೇಸಿಗೆ ಮಾತ್ರ ಸೇರಿದ್ದು ಎಂಬ ಗುರುತು ಎಲ್ಲಿಯೂ ಇರುವುದಿಲ್ಲ. ಆ ವ್ಯತ್ಯಾಸ ಇರುವುದು ಹಿರಿಯ ವಕೀಲರ ತಲೆಯಲ್ಲಿ, ಮತ್ತು ಅವರು ಆ ಹೊತ್ತಿಗೆ ಕೋರ್ಟಿನಲ್ಲಿರುತ್ತಾರೆ. ಡಾಕ್ಯುಮೆಂಟ್ ಆಟೋಮೇಷನ್ ಎಂಬ ದೊಡ್ಡ ಹೆಸರಿನ ತಂತ್ರ ಮಾಡುವ ಮೊದಲ ಕೆಲಸ ಈ ಗುರುತನ್ನು ಹಾಕುವುದು. ಬದಲಾಗದ ಮಾತನ್ನು ಬದಲಾಗುವ ಸಂಗತಿಯಿಂದ ಬಿಡಿಸುವುದು, ಬದಲಾಗುವ ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಬರೆಯುವುದು, ಉತ್ತರವನ್ನು ಒಂದೇ ಸಲ ಪಡೆದು ಬೇಕಾದ ಕಡೆಯೆಲ್ಲ ಅದೇ ಉತ್ತರ ಬೀಳುವಂತೆ ನೋಡಿಕೊಳ್ಳುವುದು. ಮೊತ್ತವನ್ನು ಒಮ್ಮೆ ಮಾತ್ರ ತುಂಬಿದರೆ, ಅದು ಒಂದು ಪ್ಯಾರಾದಲ್ಲಿ ಒಂದು ಕೋಟಿ, ಇನ್ನೊಂದರಲ್ಲಿ ಎರಡು ಕೋಟಿ ಆಗುವ ಸಾಧ್ಯತೆಯೇ ಇಲ್ಲ.

1908ರ ಪ್ರಶ್ನಾವಳಿ

ಮಾದರಿ ಇಟ್ಟುಕೊಂಡು ಬರೆಯುವುದು ವಕೀಲಿ ವೃತ್ತಿಯ ಘನತೆಗೆ ಕುಂದು ಎಂಬ ಭಾವನೆ ಕೆಲವರಲ್ಲಿದೆ. ಕಾನೂನು ಹಾಗೆ ಹೇಳುವುದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕೊನೆಯಲ್ಲಿ ವಾದಪತ್ರಗಳ ನಮೂನೆಗಳ ದೊಡ್ಡ ಅನುಬಂಧವೇ ಇದೆ. ಆದೇಶ 6ರ ನಿಯಮ 3 ಆ ನಮೂನೆಗಳನ್ನು, ಅವು ಹೊಂದದಿದ್ದರೆ ಅವಕ್ಕೆ ಆದಷ್ಟು ಹತ್ತಿರವಾದ ನಮೂನೆಗಳನ್ನು ಬಳಸಬೇಕೆನ್ನುತ್ತದೆ.

ಆದೇಶ 7ರ ನಿಯಮ 1 ಇನ್ನೂ ಸ್ಪಷ್ಟ. ದಾವಾಪತ್ರದಲ್ಲಿ ಇರಬೇಕಾದ ಸಂಗತಿಗಳನ್ನು ಅದು ಒಂಬತ್ತು ಉಪಖಂಡಗಳಲ್ಲಿ ಪಟ್ಟಿ ಮಾಡಿದೆ: ಯಾವ ನ್ಯಾಯಾಲಯ, ವಾದಿ ಯಾರು, ಪ್ರತಿವಾದಿ ಯಾರು, ಅವರಲ್ಲಿ ಅಪ್ರಾಪ್ತರಿದ್ದಾರೆಯೇ, ವ್ಯಾಜ್ಯ ಕಾರಣ ಏನು ಮತ್ತು ಅದು ಯಾವಾಗ ಹುಟ್ಟಿತು, ನ್ಯಾಯಾಲಯಕ್ಕೆ ಅಧಿಕಾರ ವ್ಯಾಪ್ತಿ ಹೇಗೆ ಬರುತ್ತದೆ, ಕೇಳುವ ಪರಿಹಾರ ಯಾವುದು, ಬಿಟ್ಟುಕೊಟ್ಟ ಹಕ್ಕು ಇದೆಯೇ, ದಾವೆಯ ಮೌಲ್ಯ ಎಷ್ಟು. ಸ್ಥಿರಾಸ್ತಿಯ ದಾವೆಯಾದರೆ ನಿಯಮ 3 ಚೆಕ್ಕುಬಂದಿಯನ್ನೋ ಸರ್ವೆ ನಂಬರನ್ನೋ ಕೇಳುತ್ತದೆ. ಇದನ್ನು ಪ್ರಶ್ನಾವಳಿ ಎಂದು ಓದಿದರೆ ಸಾಕು, ಆಟೋಮೇಷನ್ನಿನ ಅರ್ಧ ಕೆಲಸ ಮುಗಿದಂತೆ. ವ್ಯಾಜ್ಯ ಕಾರಣವೇ ಕಾಣದ ದಾವಾಪತ್ರವನ್ನು ಅದೇ ಆದೇಶದ ನಿಯಮ 11ರಡಿ ನ್ಯಾಯಾಲಯ ತಿರಸ್ಕರಿಸಬಹುದು. ಹಾಗಾಗಿ ಆ ಪ್ರಶ್ನೆಗೆ ಉತ್ತರ ಬರುವವರೆಗೆ ಮುಂದಕ್ಕೆ ಹೋಗಲು ಬಿಡದ ಯಂತ್ರ ಜೂನಿಯರ್‌ಗೆ ಒಳ್ಳೆಯ ಗುರುವೂ ಹೌದು.

ಬೇರೆ ದೇಶಗಳಲ್ಲಿ ನಡೆದ ದಾರಿ

ಕಾನೂನನ್ನು ಪ್ರಶ್ನೆಗಳಾಗಿ ಬಿಡಿಸುವ ಪ್ರಯತ್ನಕ್ಕೆ ಐವತ್ತು ವರ್ಷಗಳ ಹತ್ತಿರದ ಇತಿಹಾಸವಿದೆ. ಅಮೆರಿಕನ್ ಬಾರ್ ಫೌಂಡೇಷನ್ನಿನಲ್ಲಿ ಸಂಶೋಧಕರಾಗಿದ್ದ ಜೇಮ್ಸ್ ಸ್ಪ್ರೌಲ್, ಕಾನೂನಿನ ನಿಯಮಗಳನ್ನು ಓದಿ ದಸ್ತಾವೇಜು ಸಿದ್ಧಪಡಿಸುವ ಕಂಪ್ಯೂಟರ್ ವ್ಯವಸ್ಥೆಯ ಬಗ್ಗೆ 1979ರಲ್ಲಿ ಪ್ರಬಂಧ ಪ್ರಕಟಿಸಿದರು. 1980ರ ದಶಕದಲ್ಲಿ ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ನಡೆದ ಸಂಶೋಧನೆಯಿಂದ ಹಾಟ್‌ಡಾಕ್ಸ್ ಎಂಬ ತಂತ್ರಾಂಶ ಬೆಳೆದು, 1990ರ ದಶಕದಲ್ಲಿ ಅಮೆರಿಕದ ವಕೀಲ ಕಚೇರಿಗಳಿಗೆ ಪರಿಚಿತವಾಯಿತು.

ಬ್ರಿಟನ್ನಿನಲ್ಲಿ ಫಿಲಿಪ್ ಕ್ಯಾಪರ್ ಮತ್ತು ರಿಚರ್ಡ್ ಸಸ್ಕೈಂಡ್ 1988ರಲ್ಲಿ ಹೊರತಂದ ವ್ಯವಸ್ಥೆ ಈ ಕ್ಷೇತ್ರದ ಮೈಲಿಗಲ್ಲು. ಅದು ಕೈಗೆತ್ತಿಕೊಂಡದ್ದು ಒಂದೇ ಒಂದು ಕಾಯ್ದೆ, 1986ರ ಲೇಟೆಂಟ್ ಡ್ಯಾಮೇಜ್ ಆ್ಯಕ್ಟ್. ಕಟ್ಟಡದ ತಳಪಾಯದಂಥ ಕಡೆ ಅಡಗಿದ್ದು ವರ್ಷಗಳ ನಂತರ ಹೊರಬೀಳುವ ಹಾನಿಗೆ ದಾವೆ ಹೂಡಲು ಕಾಲಮಿತಿ ಎಲ್ಲಿಂದ ಎಲ್ಲಿಗೆ ಎಂಬ ಜಟಿಲ ಲೆಕ್ಕವನ್ನು ಅದು ಪ್ರಶ್ನೋತ್ತರವಾಗಿ ಬಿಡಿಸಿತು. ಕ್ಯಾಪರ್ ಆ ಕಾನೂನಿನ ತಜ್ಞರು. ಅವರ ತಿಳಿವಳಿಕೆಯನ್ನು ನಿಯಮಗಳಾಗಿ ಕಂಪ್ಯೂಟರಿಗೆ ಇಳಿಸಲಾಯಿತು. ವಿಶಾಲವಾದ ಕಾನೂನಿನ ಸಮುದ್ರಕ್ಕೆ ಕೈಹಾಕದೆ ಒಂದು ಕಿರಿದಾದ, ತಾರೀಖುಗಳಿಂದ ತುಂಬಿದ ಮೂಲೆಯನ್ನು ಆರಿಸಿಕೊಂಡದ್ದೇ ಆ ಕೆಲಸದ ಜಾಣ್ಮೆ.

ಫಿಲಡೆಲ್ಫಿಯಾದಲ್ಲಿ ಬಡವರಿಗೆ ಕಾನೂನು ನೆರವು ನೀಡುವ ಸಂಸ್ಥೆಯ ವಕೀಲ ಜೊನಾಥನ್ ಪೈಲ್ ರಚಿಸಿದ ಡಾಕ್ಅಸೆಂಬಲ್ ಎಂಬ ತಂತ್ರಾಂಶ ಇನ್ನೊಂದು ಹೆಜ್ಜೆ. ಅದು ಮುಕ್ತ ತಂತ್ರಾಂಶ, ಬಳಕೆಗೆ ಶುಲ್ಕವಿಲ್ಲ, ಮೊಬೈಲ್ ಪರದೆಯಲ್ಲೂ ನಡೆಯುತ್ತದೆ. 2020ರಲ್ಲಿ ಕೋವಿಡ್‌ನಿಂದ ನ್ಯಾಯಾಲಯಗಳ ಬಾಗಿಲು ಮುಚ್ಚಿದಾಗ ಬಾಸ್ಟನ್ನಿನ ಸಫೋಕ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಪ್ರಯೋಗಾಲಯ ಸ್ವಯಂಸೇವಕರನ್ನು ಸೇರಿಸಿ, ಇದೇ ತಂತ್ರಾಂಶದಲ್ಲಿ ಮ್ಯಾಸಚೂಸೆಟ್ಸ್ ನ್ಯಾಯಾಲಯಗಳ ಅರ್ಜಿ ನಮೂನೆಗಳನ್ನು ಜನ ಮನೆಯಿಂದಲೇ ತುಂಬುವಂತೆ ಮಾಡಿತು. ಒಂದೊಂದು ಕಚೇರಿ ಪ್ರತ್ಯೇಕವಾಗಿ ಹೊರಲಾರದ ಕೆಲಸವನ್ನು ಹಲವರು ಹಂಚಿಕೊಂಡು ಮಾಡಬಹುದೆಂಬುದನ್ನು ಅದು ತೋರಿಸಿಕೊಟ್ಟಿತು.

ಒಂದು ನೋಟಿಸಿನ ಒಳಗೆ

ಇಲ್ಲಿಯ ಕಚೇರಿಗಳಲ್ಲಿ ಆ ‘ಕಿರಿದಾದ ಮೂಲೆ’ ಯಾವುದಾಗಬಹುದು? 138ನೇ ಕಲಮಿನ ನೋಟಿಸಿಗಿಂತ ಒಳ್ಳೆಯದು ಸಿಗದು. ಚೆಕ್ ಪ್ರಕರಣವಿಲ್ಲದ ವಕೀಲರ ಕಚೇರಿ ಅಪರೂಪ. ದಾಖಲೆ ಎರಡು ಪುಟದ್ದು, ಆದರೆ ಅದರೊಳಗೆ ನಾಲ್ಕು ಬೇರೆ ಬೇರೆ ಅವಧಿಗಳಿವೆ.

ಚೆಕ್ಕನ್ನು ಬ್ಯಾಂಕಿಗೆ ಹಾಕಲು ಇರುವ ಅವಧಿ ಕಾಯ್ದೆಯ ಪ್ರಕಾರ ಆರು ತಿಂಗಳು ಅಥವಾ ಚೆಕ್ಕಿನ ಸಿಂಧುತ್ವ, ಯಾವುದು ಮೊದಲೋ ಅದು. ರಿಸರ್ವ್ ಬ್ಯಾಂಕ್ 2012ರ ಏಪ್ರಿಲ್ 1ರಿಂದ ಸಿಂಧುತ್ವವನ್ನು ಮೂರು ತಿಂಗಳಿಗೆ ಇಳಿಸಿರುವುದರಿಂದ ವ್ಯವಹಾರದಲ್ಲಿ ಮೂರೇ ತಿಂಗಳು. ಚೆಕ್ಕು ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟಿಸು. ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ. ಆಗಲೂ ಕೊಡದಿದ್ದರೆ ವ್ಯಾಜ್ಯ ಕಾರಣ ಹುಟ್ಟಿದಂದಿನಿಂದ ಒಂದು ತಿಂಗಳೊಳಗೆ ದೂರು.

ಮುಗ್ಗರಿಸುವುದು ಇಲ್ಲೇ. ಎರಡು ಅವಧಿ ದಿನಗಳಲ್ಲಿವೆ, ಕೊನೆಯದು ತಿಂಗಳಿನಲ್ಲಿದೆ. ಬ್ಯಾಂಕಿನ ಮೆಮೊ ಜನವರಿ 5ರಂದು ಕೈಸೇರಿತೆನ್ನೋಣ. ಆ ದಿನ ಬಿಟ್ಟು ಎಣಿಸಿದರೆ ನೋಟಿಸಿನ ಕೊನೆಯ ದಿನ ಫೆಬ್ರವರಿ 4. ಅಂದೇ ಕಳಿಸಿದ ನೋಟಿಸು ಫೆಬ್ರವರಿ 9ಕ್ಕೆ ತಲುಪಿತು. ಹದಿನೈದು ದಿನ ಮುಗಿಯುವುದು 24ಕ್ಕೆ, ವ್ಯಾಜ್ಯ ಕಾರಣ ಹುಟ್ಟುವುದು 25ಕ್ಕೆ. ಸುಪ್ರೀಂ ಕೋರ್ಟಿನ ತೀರ್ಪುಗಳಂತೆ ಆ ದಿನವನ್ನು ಬಿಟ್ಟು ಒಂದು ತಿಂಗಳು ಎಣಿಸಿದರೆ ದೂರಿನ ಕೊನೆಯ ದಿನ ಮಾರ್ಚ್ 25. ‘ಒಂದು ತಿಂಗಳೆಂದರೆ 30 ದಿನ’ ಎಂದು ಬೆರಳು ಮಡಚಿದವರು, ಫೆಬ್ರವರಿಗೆ 28 ದಿನಗಳಿರುವ ವರ್ಷದಲ್ಲಿ, ಮಾರ್ಚ್ 27ಕ್ಕೆ ಬಂದು ನಿಲ್ಲುತ್ತಾರೆ. ಎರಡು ದಿನ ತಡ. ವಿಳಂಬ ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕೆ ಇದೆ, ಆದರೆ ಅದಕ್ಕೆ ಇನ್ನೊಂದು ಅರ್ಜಿ, ಇನ್ನೊಂದು ಅಫಿಡವಿಟ್, ಎದುರಾಳಿಗೆ ಇನ್ನೊಂದು ತಕರಾರಿನ ಅವಕಾಶ.

ಈ ಲೆಕ್ಕ ಯಂತ್ರಕ್ಕೆ ಹೇಳಿ ಮಾಡಿಸಿದ್ದು. ಪ್ರಶ್ನಾವಳಿ ಮೂರು ದಿನಾಂಕ ಕೇಳುತ್ತದೆ, ಉಳಿದದ್ದನ್ನು ತಾನೇ ಎಣಿಸಿ ಕಚೇರಿಯ ಡೈರಿಗೆ ಹಾಕುತ್ತದೆ. ಚೆಕ್ಕು ಕೊಟ್ಟವರು ಕಂಪನಿಯೋ ಪಾಲುದಾರಿಕೆ ಸಂಸ್ಥೆಯೋ ಎಂದು ಕೇಳಿ, ಹೌದೆಂದರೆ 141ನೇ ಕಲಮಿನ ಪ್ರಕಾರ ವ್ಯವಹಾರದ ಹೊಣೆ ಹೊತ್ತವರು ಯಾರು ಎಂಬ ಮುಂದಿನ ಪ್ರಶ್ನೆ ತೆರೆಯುತ್ತದೆ. ಚೆಕ್ಕನ್ನು ಖಾತೆಯ ಮೂಲಕ ವಸೂಲಿಗೆ ಹಾಕಿದ್ದರೆ ಹಣ ಪಡೆಯಬೇಕಾದವರ ಖಾತೆ ಇರುವ ಶಾಖೆ ಯಾವುದೆಂದು ಕೇಳುತ್ತದೆ, ಏಕೆಂದರೆ 2015ರ ತಿದ್ದುಪಡಿಯ ನಂತರ ಯಾವ ನ್ಯಾಯಾಲಯಕ್ಕೆ ಹೋಗಬೇಕೆಂಬುದನ್ನು ತೀರ್ಮಾನಿಸುವುದು ಅದೇ.

ಯಂತ್ರ ಕೇಳಬಾರದ, ತೀರ್ಮಾನಿಸಲೇಬಾರದ ಸಂಗತಿಗಳೂ ಇವೆ. ಚೆಕ್ಕಿನ ಹಿಂದೆ ಕಾನೂನಿನಂತೆ ವಸೂಲಾಗಬೇಕಾದ ಸಾಲ ನಿಜಕ್ಕೂ ಇತ್ತೇ? ಭದ್ರತೆಗೆಂದು ಕೊಟ್ಟ ಖಾಲಿ ಚೆಕ್ಕೇ? ಅಣ್ಣತಮ್ಮಂದಿರ ಜಗಳದಲ್ಲಿ ಕೇಸಿಗಿಂತ ರಾಜಿ ಮೇಲೇ? ಇವು ಕಕ್ಷಿದಾರರ ಮುಖ ನೋಡಿ ಮಾತಾಡುವ ವಕೀಲರ ಕೆಲಸ. ತಾರೀಖು ಎಣಿಸುವ ಹೊರೆ ಇಳಿದರೆ ಇಂಥ ಮಾತಿಗೆ ಅರ್ಧ ಗಂಟೆ ಹೆಚ್ಚು ಸಿಗುತ್ತದೆ. ಸಣ್ಣ ಕಚೇರಿಗೆ ಇದರಿಂದ ಆಗುವ ನಿಜವಾದ ಲಾಭ ಆ ಅರ್ಧ ಗಂಟೆ.

ಮಾದರಿಗೂ ವಯಸ್ಸಾಗುತ್ತದೆ

ಮಾದರಿಯನ್ನು ಒಮ್ಮೆ ಮಾಡಿಟ್ಟರೆ ಮುಗಿಯಿತೆನ್ನುವಂತಿಲ್ಲ. 138ರ ನೋಟಿಸಿನ ಅವಧಿ ಮೊದಲು 15 ದಿನ ಇತ್ತು, 2002ರ ತಿದ್ದುಪಡಿ ಅದನ್ನು 30 ಮಾಡಿತು. 2018ರಲ್ಲಿ ಚೆಕ್ಕಿನ ಮೊತ್ತದ ಶೇಕಡ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ 143ಎ ಕಲಮು ಸೇರಿತು. 2024ರ ಜುಲೈ 1ರಂದು ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಮೂರೂ ಒಮ್ಮೆಗೇ ಬದಲಾದವು. ‘ಸಿಆರ್‌ಪಿಸಿ ಕಲಂ 200’ ಎಂದು ಶುರುವಾಗುತ್ತಿದ್ದ ಖಾಸಗಿ ದೂರಿನ ತಲೆಬರಹ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮಾಯಿತು. ವಾಟ್ಸ್‌ಆ್ಯಪ್ ಸಂದೇಶವನ್ನೋ ಬ್ಯಾಂಕ್ ಲೆಕ್ಕವನ್ನೋ ಸಾಕ್ಷ್ಯವಾಗಿ ಕೊಡಲು ಬೇಕಾದ 65ಬಿ ಪ್ರಮಾಣಪತ್ರಕ್ಕೆ ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಗೊತ್ತಾದ ನಮೂನೆ ಇರಲಿಲ್ಲ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿಗೆ ಅನುಸೂಚಿಯಲ್ಲೇ ಎರಡು ಭಾಗಗಳ ನಮೂನೆ ಬಂದಿದೆ, ಕಡತದ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ಬರೆಯಬೇಕು. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಂದಿಗೆ ವಿಲೀನಗೊಳಿಸಿದ್ದರಿಂದ ದಶಕಗಳಿಂದ ಪ್ರತಿ ನೋಟಿಸಿನ ಮೇಲ್ತುದಿಯಲ್ಲಿದ್ದ ಒಂದು ಸಾಲಿಗೂ ಮರುಯೋಚನೆ ಬೇಕಾಗಿದೆ.

‘ಸೇವ್ ಆ್ಯಸ್’ ಪದ್ಧತಿಯಲ್ಲಿ ಈ ಬದಲಾವಣೆಗಳನ್ನು ನೂರು ಹಳೆಯ ಫೈಲುಗಳಲ್ಲಿ ಹುಡುಕಬೇಕು. ಮಾದರಿ ಒಂದೇ ಇದ್ದರೆ ಒಂದು ಕಡೆ ತಿದ್ದಿದರಾಯಿತು. ಆದರೆ ತಿದ್ದುವವರು ಯಾರೆಂದು ಗೊತ್ತಿರಬೇಕು. ಪ್ರತಿ ಮಾದರಿಯ ತಲೆಯ ಮೇಲೆ ಕೊನೆಯದಾಗಿ ಪರಿಶೀಲಿಸಿದ ದಿನಾಂಕ ಮತ್ತು ಪರಿಶೀಲಿಸಿದ ವಕೀಲರ ಹೆಸರು ಇರಲೇಬೇಕು. ಹಾಗಿಲ್ಲದಿದ್ದರೆ ಒಂದು ಮಾದರಿಯ ತಪ್ಪು ನೂರು ಕೇಸಿಗೆ ಹರಡುತ್ತದೆ.

ಕನ್ನಡದ ಪ್ರಶ್ನೆ

ಕರ್ನಾಟಕದ ಕೆಳ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ದಾವಾಪತ್ರ ಬರೆಯುವ ವಕೀಲರಿಗೆ ಹೊರಗಿನ ತಂತ್ರಾಂಶ ತಂದ ಕೂಡಲೇ ಎರಡು ತೊಡಕು ಎದುರಾಗುತ್ತವೆ.

ಮೊದಲನೆಯದು ಅಕ್ಷರದ್ದು. ನುಡಿ, ಬರಹ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಉಳಿಸಿದ ಪಠ್ಯ ಕಂಪ್ಯೂಟರಿನ ಒಳಗೆ ಕನ್ನಡವಾಗಿ ಇರುವುದಿಲ್ಲ, ರೋಮನ್ ಚಿಹ್ನೆಗಳ ಸಾಲಾಗಿರುತ್ತದೆ. ಅಂಥ ಫೈಲಿನಿಂದ ಹೆಸರನ್ನು ನಕಲು ಮಾಡಿ ಇ-ಫೈಲಿಂಗ್ ಪುಟಕ್ಕೋ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶಕ್ಕೋ ಅಂಟಿಸಿದರೆ ಗೋಜಲು ಕಾಣುತ್ತದೆ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ಜೋಡಿಸಲೂ ಬಾರದು. ಕಚೇರಿಯ ಎಲ್ಲ ಮಾದರಿಗಳೂ ಯೂನಿಕೋಡ್‌ನಲ್ಲಿರಬೇಕು ಎಂಬುದು ಮೊದಲ ಷರತ್ತು. ಹಳೆಯದನ್ನು ಪರಿವರ್ತಿಸುವ ಸಾಧನಗಳು ಲಭ್ಯವಿವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಬೇಕು.

ಎರಡನೆಯದು ವ್ಯಾಕರಣದ್ದು. ಇಂಗ್ಲಿಷ್ ಮಾದರಿಯಲ್ಲಿ ಹೆಸರಿಗೊಂದು ಖಾಲಿ ಜಾಗ ಬಿಟ್ಟರೆ ಸಾಕು. ಕನ್ನಡದಲ್ಲಿ ವಿಭಕ್ತಿ ಹೆಸರಿಗೇ ಅಂಟುತ್ತದೆ. ಬಸವರಾಜನಿಗೆ, ಶಾಂತಾಳಿಗೆ, ಬ್ಯಾಂಕಿಗೆ, ಕಂಪನಿಗೆ: ಒಂದೇ ಜಾಗದಲ್ಲಿ ನಾಲ್ಕು ರೂಪ. ಮುಂದೆ ಕ್ರಿಯಾಪದವೂ ಬದಲಾಗುತ್ತದೆ: ಕೊಟ್ಟಿದ್ದಾನೆ, ಕೊಟ್ಟಿದ್ದಾಳೆ, ಕೊಟ್ಟಿದ್ದಾರೆ, ಕೊಟ್ಟಿದೆ. ಯಂತ್ರಕ್ಕೆ ಇಡೀ ವ್ಯಾಕರಣ ಕಲಿಸಲು ಹೊರಟರೆ ಕೆಲಸ ಮುಗಿಯದು. ಸರಳ ದಾರಿ ಬರವಣಿಗೆಯಲ್ಲೇ ಇದೆ. ಹೆಸರು, ವಯಸ್ಸು, ವಿಳಾಸಗಳನ್ನು ತಲೆಬರಹದ ಪಕ್ಷಕಾರರ ಪಟ್ಟಿಯಲ್ಲಿ ಒಮ್ಮೆ ಬರೆದು, ಪ್ಯಾರಾಗಳೊಳಗೆ ‘ವಾದಿಯವರು’, ‘1ನೇ ಪ್ರತಿವಾದಿಯವರಿಗೆ’ ಎಂದೇ ಬಳಸಿದರೆ ಪ್ರತ್ಯಯ ಬದಲಾಗದ ಪದಕ್ಕೆ ಅಂಟುತ್ತದೆ. ಗೌರವ ಬಹುವಚನ ಇಟ್ಟರೆ ‘ಕೊಟ್ಟಿದ್ದಾರೆ’ ಎಂಬ ಒಂದೇ ರೂಪ ಗಂಡಸು, ಹೆಂಗಸು, ಹಲವರು ಎಲ್ಲರಿಗೂ ಸಲ್ಲುತ್ತದೆ. ಪಕ್ಷಕಾರರು ಕಂಪನಿಯಾದಾಗ ಮಾತ್ರ ಬೇರೆ ಪ್ಯಾರಾ ಬೇಕು. ಒಳ್ಳೆಯ ಹಳೆಯ ಗುಮಾಸ್ತರು ಬರೆಯುತ್ತಿದ್ದುದೂ ಬಹುಮಟ್ಟಿಗೆ ಹೀಗೆಯೇ. ಹಾಗಾಗಿ ಮಾದರಿ ರೂಪಿಸುವಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದ ಕಚೇರಿ ತನ್ನ ದೊಡ್ಡ ಆಸ್ತಿಯನ್ನು ಬಿಟ್ಟುಕೊಟ್ಟಂತೆ.

ಸಣ್ಣದಾಗಿ ಶುರು

ದುಬಾರಿ ತಂತ್ರಾಂಶ ಕೊಳ್ಳುವುದು ಮೊದಲ ಹೆಜ್ಜೆಯಾಗಬೇಕಿಲ್ಲ. ಲಿಬ್ರೆ ಆಫೀಸ್ ಉಚಿತವಾಗಿ ಸಿಗುತ್ತದೆ. ಅದರಲ್ಲೂ ವರ್ಡ್‌ನಲ್ಲೂ ಮೇಲ್ ಮರ್ಜ್ ಸೌಲಭ್ಯವಿದೆ. ಕಕ್ಷಿದಾರರು ಬಂದಾಗ ತುಂಬುವ ಒಂದು ಹಾಳೆ, ಅದೇ ವಿವರಗಳ ಒಂದು ಸ್ಪ್ರೆಡ್‌ಶೀಟ್, ಅದಕ್ಕೆ ಜೋಡಿಸಿದ ಒಂದು ಮಾದರಿ. ಇಷ್ಟರಲ್ಲೇ ವಕಾಲತ್ತು, ನೋಟಿಸು, ಅಫಿಡವಿಟ್ ಮೂರೂ ಒಂದೇ ಸಲ ತುಂಬಿದ ವಿವರದಿಂದ ಹೊರಬರುತ್ತವೆ. ಷರತ್ತುಗಳು ಹೆಚ್ಚಾದಾಗ ಡಾಕ್ಅಸೆಂಬಲ್‌ನಂಥದಕ್ಕೆ ಹೋಗಬಹುದು.

ಸರ್ಕಾರಿ ವ್ಯವಸ್ಥೆ ಆಗಲೇ ಆ ದಿಕ್ಕಿನಲ್ಲಿ ಸಾಗಿದೆ. 2007ರಲ್ಲಿ ಶುರುವಾದ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರಲ್ಲಿ 7,210 ಕೋಟಿ ರೂಪಾಯಿ ಮಂಜೂರು ಮಾಡಿತು. ಪ್ರತಿ ಪ್ರಕರಣಕ್ಕೂ 16 ಅಕ್ಷರಾಂಕಗಳ ಸಿಎನ್‌ಆರ್ ಸಂಖ್ಯೆ ಇದೆ. ಕಚೇರಿಯ ಪ್ರತಿ ಫೈಲಿನ ಮೇಲೂ ಆ ಸಂಖ್ಯೆ ಬರೆಯುವ ಅಭ್ಯಾಸ ಮಾಡಿಕೊಂಡರೆ ಮುಂದಿನ ವಾಯಿದೆಯನ್ನು ಮೊಬೈಲಿನಲ್ಲೇ ನೋಡಬಹುದು.

ಎಚ್ಚರಿಕೆ ಬೇಕಾದ ಕಡೆ ಎರಡು. ಕಕ್ಷಿದಾರರು ವಕೀಲರಿಗೆ ಹೇಳಿದ್ದು ಗೋಪ್ಯ, ಹೊಸ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಅದನ್ನು ಕಾಯುತ್ತದೆ. ಆ ವಿವರ ಯಾರ ಸರ್ವರ್‌ನಲ್ಲಿ ಕೂರುತ್ತದೆಂದು ಕೇಳದೆ ಯಾವ ಉಚಿತ ಸೇವೆಗೂ ಅದನ್ನು ಹಾಕಬಾರದು. ಇನ್ನೊಂದು, ಕೃತಕ ಬುದ್ಧಿಮತ್ತೆ. ಮೇಲೆ ಹೇಳಿದ ಪ್ರಶ್ನಾವಳಿ ವಕೀಲರು ಬರೆದಿಟ್ಟ ಮಾತನ್ನಷ್ಟೇ ಮುಂದಿಡುತ್ತದೆ. ಮಾತು ಹೊಸೆಯುವ ಎಐ ಇಲ್ಲದ್ದನ್ನೂ ಹೇಳಬಲ್ಲದು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಚಾಟ್‌ಜಿಪಿಟಿ ಕಟ್ಟಿಕೊಟ್ಟ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. 2025ರಲ್ಲಿ ಕರ್ನಾಟಕ ಹೈಕೋರ್ಟೇ ಒಂದು ಸಿವಿಲ್ ನ್ಯಾಯಾಲಯದ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಉಲ್ಲೇಖವಾಗಿದ್ದನ್ನು ಗುರುತಿಸಿ ಕ್ರಮಕ್ಕೆ ಸೂಚಿಸಿತು. ಕರಡಿನ ಭಾಷೆ ತಿದ್ದಲು ಎಐ ನೆರವಾದೀತು. ಕಲಮು, ದಿನಾಂಕ, ತೀರ್ಪು ಈ ಮೂರನ್ನು ಮೂಲದಲ್ಲಿ ನೋಡದೆ ಸಹಿ ಹಾಕಬಾರದು.

ಯಾರಿಗಾಗಿ

ಈ ಕೆಲಸವನ್ನು ಒಂದೊಂದು ಕಚೇರಿ ಒಂಟಿಯಾಗಿ ಮಾಡುವುದಕ್ಕಿಂತ ತಾಲ್ಲೂಕು ವಕೀಲರ ಸಂಘಗಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದೊಂದಿಗೆ ಕೂಡಿ ಮಾಡುವುದು ಮೇಲು. ಮೊದಲ ವರ್ಷಕ್ಕೆ ಐದು ಕನ್ನಡ ಮಾದರಿ ಸಾಕು: ವಕಾಲತ್ತು, 138ರ ನೋಟಿಸು, ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಬಾಡಿಗೆ ತೆರವು ನೋಟಿಸು, ಉತ್ತರಾಧಿಕಾರ ಪ್ರಮಾಣಪತ್ರದ ಅರ್ಜಿ, ಜೀವನಾಂಶದ ಅರ್ಜಿ.

ಐದರಲ್ಲಿ ಮೊದಲು ಕೈಹಾಕಬೇಕಾದ್ದು ಕೊನೆಯದಕ್ಕೆ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ತಮ್ಮ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ ಸಲ್ಲಿಸಬೇಕೆಂದು ಹೇಳಿ ಅದರ ನಮೂನೆಯನ್ನೂ ತೀರ್ಪಿಗೆ ಜೋಡಿಸಿತು. ನಮೂನೆ ನ್ಯಾಯಯುತವಾದದ್ದು, ಆದರೆ ಉದ್ದವಾದದ್ದು. ಮನೆ ಬಿಟ್ಟು ಬಂದ, ಕೈಯಲ್ಲಿ ಒಂದು ಪಾಸ್‌ಬುಕ್ಕೂ ಇಲ್ಲದ ಹೆಣ್ಣುಮಗಳಿಗೆ ಅದನ್ನು ತುಂಬುವುದು ಕೇಸಿಗಿಂತ ದೊಡ್ಡ ಅಡಚಣೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯ ನೋಡದೆ ಉಚಿತ ನೆರವಿನ ಹಕ್ಕಿದೆ. ಆ ನೆರವು ಕೊಡಲು ನೇಮಕವಾಗುವವರು ಇದೇ ಸಣ್ಣ ಕಚೇರಿಗಳ ವಕೀಲರು. ಅಫಿಡವಿಟ್ಟಿನ ಪ್ರಶ್ನೆಗಳನ್ನು ಆಡುಮಾತಿನ ಕನ್ನಡಕ್ಕೆ ಇಳಿಸಿ, ಸಂಬಂಧವಿಲ್ಲದ್ದನ್ನು ತಾನಾಗಿ ದಾಟಿಸುವ ಪ್ರಶ್ನಾವಳಿಯೊಂದನ್ನು ಒಂದು ಜಿಲ್ಲೆಯ ವಕೀಲರು ಮಾಡಿಕೊಟ್ಟರೆ, ಸ್ಥಳೀಯ ನುಡಿಗೆ ತಕ್ಕಷ್ಟು ತಿದ್ದಿಕೊಂಡು ಉಳಿದ ಜಿಲ್ಲೆಗಳು ಅದನ್ನೇ ಬಳಸಬಹುದು. ಇದಕ್ಕೆ ಬೇಕಾದ ನಮೂನೆ ತೀರ್ಪಿನಲ್ಲಿದೆ, ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಭಾಷೆ ಬಲ್ಲ ಗುಮಾಸ್ತರು ಮತ್ತು ಕಂಪ್ಯೂಟರ್ ಬಲ್ಲ ಜೂನಿಯರ್‌ಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರನ್ನು ಒಂದು ಮೇಜಿನ ಸುತ್ತ ಸೇರಿಸಿ ಕೆಲಸ ಹಂಚುವ ಹೊಣೆಯನ್ನು ವಕೀಲರ ಸಂಘಗಳು ಈ ವರ್ಷವೇ ವಹಿಸಿಕೊಳ್ಳಬೇಕು.